ಸಾಲ ಹಿಡಿಯಲು ಹೋಗಿ ಸಾಲುಮರ ಹಿಡಿದ ಫಿಲ್ಟರ್: ಮೀಡಿಯಾವಿಕಿ ಪ್ಲಗಿನ್‌ನ ದೋಷ ಹುಡುಕಿದ ಬಗೆ

ಬೆಂಗಳೂರಿನ ಕೆರೆ, ಮರ, ಹಳೆ ಬೀದಿಗಳ ಬಗ್ಗೆ ನಾವು ಒಂದಷ್ಟು ಜನ ಸೇರಿ ಕನ್ನಡದಲ್ಲಿ ಒಂದು ವಿಕಿ ನಡೆಸುತ್ತೇವೆ. ಬಾಡಿಗೆ ಸರ್ವರ್, ಅದರ ಮೇಲೆ ಮೀಡಿಯಾವಿಕಿ, ಅಂದರೆ ವಿಕಿಪೀಡಿಯ ಓಡುವ ತಂತ್ರಾಂಶ. ಹೋದ ವರ್ಷ ಸ್ಪ್ಯಾಮ್ ಕಾಟ ಶುರುವಾಯಿತು. ಸ್ಯಾಂಕಿ ಕೆರೆಯನ್ನು 1882ರಲ್ಲಿ ಕಟ್ಟಿದರು ಎಂಬ ವಾಕ್ಯದ ಕೆಳಗೇ ‘ಐದೇ ನಿಮಿಷದಲ್ಲಿ ಸಾಲ, ದಾಖಲೆ ಬೇಡ’ ಎಂದು ಒಂದು ಲಿಂಕ್. ಮಾರನೇ ದಿನ ಧರ್ಮಾಂಬುಧಿ ಕೆರೆ ಪುಟದಲ್ಲಿ ರಮ್ಮಿ. ಕೆರೆ ಹೋಗಿ ಮೆಜೆಸ್ಟಿಕ್ ಬಸ್ ನಿಲ್ದಾಣ ಬಂದ ಕಥೆ ಓದಲು ಬಂದವರಿಗೆ ಇಸ್ಪೀಟಿನ ಜಾಹೀರಾತು.

ಎರಡು ಭಾನುವಾರ ಕೂತು ಒಂದು ಪ್ಲಗಿನ್ ಬರೆದೆ. ಕೆಲಸ ಸರಳ. ಬೇಡದ ಪದಗಳ ಪಟ್ಟಿ ಓದು, ಪದಗಳ ನಡುವೆ ‘ಇಲ್ಲವೇ’ ಎಂಬರ್ಥದ ನಿಲುವುಗೆರೆ ಹಾಕಿ ಒಂದೇ ರೆಜೆಕ್ಸ್ (ಪಠ್ಯದಲ್ಲಿ ಹುಡುಕುವ ಮಾದರಿ) ಮಾಡು, ಎರಡೂ ಬದಿಗೆ ಪದದ ಗಡಿ ಗುರುತಿಸುವ ಬ್ಯಾಕ್‌ಸ್ಲ್ಯಾಷ್ ಬಿ ಹಾಕು, ಸಿಕ್ಕಿದರೆ ಸೇವ್ ಮಾಡಲು ಬಿಡಬೇಡ. ಮೊದಲ ಎರಡು ದಿನ ಚೆನ್ನಾಗಿಯೇ ನಡೆಯಿತು. ಮೂರನೇ ದಿನ ಬಸವನಗುಡಿಯಿಂದ ಮೇಷ್ಟ್ರ ಫೋನ್ ಬಂತು. ನಮ್ಮಲ್ಲಿ ಅತಿ ಜಾಸ್ತಿ ಬರೆಯುವವರು ಅವರೇ.

“ಏನಪ್ಪಾ, ನಿನ್ನ ಯಂತ್ರಕ್ಕೆ ತಿಮ್ಮಕ್ಕನ ಮೇಲೆ ಏನು ಸಿಟ್ಟು?”

“ಯಾಕೆ ಮೇಷ್ಟ್ರೇ?”

“ಸಾಲುಮರದ ತಿಮ್ಮಕ್ಕ ಅಂತ ಬರೆದರೆ ನಿಷೇಧಿತ ಪದ ಅಂತಿದೆ. ಹುಲಿಕಲ್‌ನಿಂದ ಕುದೂರಿನ ದಾರಿಗೆ ಆಲದ ಮರ ನೆಟ್ಟವರು. 2019ರಲ್ಲಿ ಪದ್ಮಶ್ರೀ ಕೊಟ್ಟಿದ್ದಾರೆ. ನೀನು ಬೇಡ ಅಂತೀಯಲ್ಲ!”

ಅಲ್ಲಿಂದ ಶುರುವಾದ ಹುಡುಕಾಟ ಎರಡು ವಾರ ನಡೆಯಿತು. ಪಟ್ಟಿಯಲ್ಲಿ ತಪ್ಪಿರಬೇಕು ಅಂದುಕೊಂಡು ಪಟ್ಟಿಯನ್ನೇ ತಿದ್ದುತ್ತಾ ಕೂತಿದ್ದು ನನ್ನ ಮೊದಲ ದಡ್ಡತನ. ತಪ್ಪು ಪಟ್ಟಿಯಲ್ಲಿರಲಿಲ್ಲ. ಕನ್ನಡದಲ್ಲಿ ಅಕ್ಷರ ಅಂದರೆ ಏನು ಅನ್ನುವುದು ಕೋಡಿಗೆ ಗೊತ್ತಿರಲಿಲ್ಲ. ಕನ್ನಡ ವಿಕಿಗೆ ಇಂಥ ಫಿಲ್ಟರ್ ಬರೆಯುವ ಯಾರಿಗಾದರೂ ಇದೇ ಗುಂಡಿಗಳು ಸಿಗುತ್ತವೆ, ಹಾಗಾಗಿ ನಾನು ಬಿದ್ದ ಕ್ರಮದಲ್ಲೇ ಬರೆದಿಡುತ್ತಿದ್ದೇನೆ.

ಮೊದಲು ನೋಡಬೇಕಾದ್ದು

ಎಲ್ಲಾ ಬದಲಾವಣೆಗಳೂ ತಡೆಯಾಗುತ್ತಿವೆಯಾ? ಪದಪಟ್ಟಿಯ ಕೊನೆಯಲ್ಲಿ ಒಂದು ಖಾಲಿ ಸಾಲು ಇದೆಯಾ ನೋಡಿ. ನಿಲುವುಗೆರೆ ಹಾಕಿ ಜೋಡಿಸುವಾಗ ಆ ಖಾಲಿ ಸಾಲೂ ಒಂದು ಪದವಾಗುತ್ತದೆ. ಖಾಲಿ ಪದ ಎಲ್ಲಾ ಕಡೆಯೂ ಸಿಗುತ್ತದೆ.

ಪಟ್ಟಿಯ ಮೊದಲ ಪದ ಮಾತ್ರ ಸಿಗುತ್ತಿಲ್ಲವಾ? ಕಡತವನ್ನು ಯಾರೋ ಹಳೆ ನೋಟ್‌ಪ್ಯಾಡ್‌ನಲ್ಲಿ ಸೇವ್ ಮಾಡಿದ್ದಾರೆ. ಶುರುವಿನಲ್ಲಿ ಕಣ್ಣಿಗೆ ಕಾಣದ ಬಿಒಎಂ ಗುರುತು ಕೂತಿದೆ, ಅದು ಮೊದಲ ಪದಕ್ಕೆ ಅಂಟಿಕೊಂಡಿದೆ.

ಯಾವುದೂ ಸಿಗುತ್ತಿಲ್ಲವಾ? ಆವೃತ್ತಿ ತೋರಿಸುವ ವಿಶೇಷ ಪುಟದಲ್ಲಿ ಪ್ಲಗಿನ್‌ನ ಹೆಸರು ಬರುತ್ತಿದೆಯೇ ನೋಡಿ. ಬರುತ್ತಿದ್ದರೆ, ಮೀಡಿಯಾವಿಕಿ ಬರೆದಿರುವ ಪಿಎಚ್‌ಪಿ ಭಾಷೆಯಲ್ಲಿ ರೆಜೆಕ್ಸ್ ಓಡಿಸುವ ಪ್ರೆಗ್‌ಮ್ಯಾಚ್ ಫಂಕ್ಷನ್ ಏನು ಹಿಂದಿರುಗಿಸುತ್ತಿದೆ ನೋಡಿ. ಅದಕ್ಕೆ ಮೂರು ಉತ್ತರಗಳಿವೆ: ಸಿಕ್ಕಿದರೆ 1, ಸಿಗದಿದ್ದರೆ 0, ತಾನೇ ಎಡವಿ ಬಿದ್ದರೆ ಫಾಲ್ಸ್. ನಾವು ಸುಮ್ನೆ ‘ಸಿಕ್ಕಿತಾ?’ ಎಂದು ಮಾತ್ರ ಕೇಳಿದರೆ ಬಿದ್ದಿದ್ದೂ ‘ಸಿಗಲಿಲ್ಲ’ ಎಂದೇ ಲೆಕ್ಕವಾಗುತ್ತದೆ. ಪಟ್ಟಿಯ ಕಡತದಲ್ಲಿ ಕೆಟ್ಟ ಬೈಟ್ ಇದ್ದರೆ, ಇಲ್ಲವೇ ಉದ್ದದ ಪುಟದಲ್ಲಿ ಬ್ಯಾಕ್‌ಟ್ರ್ಯಾಕ್ ಮಿತಿ (ಎಷ್ಟು ಸಲ ಹಿಂದೆ ಹೋಗಿ ಮತ್ತೆ ಹುಡುಕಬಹುದು ಎಂಬ ಮಿತಿ) ಮುಗಿದರೆ ಹೀಗಾಗುತ್ತದೆ. ಆ ಮಿತಿ ಪಿಎಚ್‌ಪಿಯಲ್ಲಿ ಮೊದಲಿಗೆ 10 ಲಕ್ಷ ಇರುತ್ತದೆ. ಫಾಲ್ಸ್ ಬಂದರೆ ಲಾಗ್‌ನಲ್ಲಿ ಬರೆಯುವಂತೆ ಇವತ್ತೇ ಒಂದು ಸಾಲು ಸೇರಿಸಿ. ದೋಷದ ಹೆಸರನ್ನೇ ಹೇಳುವ ಫಂಕ್ಷನ್ ಪಿಎಚ್‌ಪಿ 8ರಿಂದ ಇದೆ.

ಇನ್ನೊಂದು, ರೆಜೆಕ್ಸ್‌ನ ಕೊನೆಗೆ ಯು ಇದೆಯಾ? ಇಲ್ಲದಿದ್ದರೆ ಅದು ಬೈಟ್‌ಗಳನ್ನು ಎಣಿಸುತ್ತದೆ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಚಿಹ್ನೆಗೂ ಮೂರು ಬೈಟ್ ಬೇಕು. ‘20 ಅಕ್ಷರಕ್ಕಿಂತ ಉದ್ದದ ಪದ ಅಂದರೆ ಕಸ’ ಎಂದು ನಾನೊಂದು ನಿಯಮ ಹಾಕಿದ್ದೆ. ಉದ್ದ ಅಳೆಯಲು ಬಳಸಿದ್ದು ಬೈಟ್ ಎಣಿಸುವ ಫಂಕ್ಷನ್. ‘ಬೆಂಗಳೂರು’ ಬಾಯಲ್ಲಿ ನಾಲ್ಕೇ ಅಕ್ಷರ, ಕೋಡ್‌ಪಾಯಿಂಟ್ (ಯೂನಿಕೋಡ್ ಪ್ರತಿ ಚಿಹ್ನೆಗೂ ಕೊಡುವ ಸಂಖ್ಯೆ) ಎಂಟು, ಬೈಟ್ 24. ಬೆಂಗಳೂರಿನ ವಿಕಿಯಲ್ಲಿ ಬೆಂಗಳೂರು ಎಂದು ಬರೆಯುವ ಹಾಗಿರಲಿಲ್ಲ. ಇದು ಹತ್ತು ನಿಮಿಷದಲ್ಲೇ ಗೊತ್ತಾಯಿತು ಬಿಡಿ.

ಕೊಂಬು ಅಕ್ಷರವಲ್ಲವಂತೆ

ಸಾಲುಮರಕ್ಕೆ ಬರೋಣ. ಪಟ್ಟಿಯಲ್ಲಿದ್ದ ಪದ ‘ಸಾಲ’. ಎರಡೂ ಬದಿಗೆ ಗಡಿ ಕೇಳಿದ್ದೇನೆ. ‘ಸಾಲುಮರ’ದ ನಡುವೆ ಗಡಿ ಎಲ್ಲಿಂದ ಬಂತು?

ಇಂಥ ಹೊತ್ತಿನಲ್ಲಿ ಪರದೆಯ ಮೇಲಿನ ಅಕ್ಷರ ನೋಡುತ್ತಾ ಕೂತು ಪ್ರಯೋಜನವಿಲ್ಲ. ಪದವನ್ನು ಕೋಡ್‌ಪಾಯಿಂಟ್‌ಗಳಾಗಿ ಬಿಡಿಸಿ, ಒಂದೊಂದನ್ನು ಒಂದೊಂದು ಸಾಲಿನಲ್ಲಿ ಮುದ್ರಿಸಿ. ಎಂಬಿ ಸ್ಟ್ರಿಂಗ್ ಸ್ಪ್ಲಿಟ್ ಫಂಕ್ಷನ್ ಸಾಕು. ಸಾಲುಮರ ಹೀಗೆ ಬಂತು: ಸ, ಇಳಿ, ಲ, ಕೊಂಬು, ಮ, ರ. ನಮ್ಮ ಕಣ್ಣಿಗೆ ನಾಲ್ಕು, ಯಂತ್ರಕ್ಕೆ ಆರು.

ಯೂನಿಕೋಡ್‌ನಲ್ಲಿ ಪ್ರತಿ ಚಿಹ್ನೆಗೂ ಒಂದು ಜಾತಿ ಇದೆ. ಸ, ಲ, ಮ, ರ ಎಲ್ಲವೂ ಎಲ್ ಜಾತಿ, ಅಂದರೆ ಅಕ್ಷರ. ಇಳಿ, ಕೊಂಬು, ಗುಡಿಸು, ಏತ್ವ, ಸೊನ್ನೆ, ಅರ್ಧಾಕ್ಷರದ ಚಿಹ್ನೆ ಇವೆಲ್ಲಾ ಎಂ ಜಾತಿ, ಅಂದರೆ ಅಕ್ಷರಕ್ಕೆ ಅಂಟುವ ಗುರುತು. ಪಿಎಚ್‌ಪಿ ಒಳಗೆ ರೆಜೆಕ್ಸ್ ಹುಡುಕುವ ಪಿಸಿಆರ್‌ಇ ಎಂಜಿನ್ ಪದದ ಗಡಿ ಹುಡುಕುವಾಗ ಎಲ್ ಜಾತಿ, ಅಂಕಿ, ಅಂಡರ್‌ಸ್ಕೋರ್ ಇಷ್ಟನ್ನೇ ಪದದ ಭಾಗ ಎನ್ನುತ್ತದೆ. ಹಾಗಾಗಿ ಲ ಮುಗಿದು ಕೊಂಬು ಶುರುವಾದ ಕೂಡಲೇ ಅದಕ್ಕೆ ಪದ ಮುಗಿಯಿತು. ‘ಸಾಲ’ ಸಿಕ್ಕಿತು, ತಿಮ್ಮಕ್ಕನ ಪುಟ ತಡೆಯಾಯಿತು.

ಇದರ ಇನ್ನೊಂದು ಮುಖ ಇನ್ನೂ ತಮಾಷೆ. ಪಟ್ಟಿಯಲ್ಲಿ ‘ಜೂಜು’ ಇತ್ತು. ಅದು ಮುಗಿಯುವುದು ಕೊಂಬಿನಲ್ಲಿ. ಕೊಂಬು ಪದದ ಭಾಗವಲ್ಲ, ಅದರ ಮುಂದಿನ ಖಾಲಿ ಜಾಗವೂ ಅಲ್ಲ. ಎರಡೂ ಕಡೆ ‘ಅಲ್ಲ’ವೇ ಇದ್ದರೆ ಗಡಿಯೂ ಇಲ್ಲ. ಹಾಗಾಗಿ ‘ಇಲ್ಲಿ ಜೂಜು ಆಡಿ’ ಸಲೀಸಾಗಿ ಒಳಗೆ ಬಂತು. ‘ಜೂಜುಕೋರ’ ಬರೆದರೆ ಮಾತ್ರ ತಡೆ, ಯಾಕೆಂದರೆ ಕೊಂಬಿನ ಪಕ್ಕದಲ್ಲಿ ಕ ಬಂದು ಗಡಿ ಹುಟ್ಟಿತು. ಜೂಜು ಆಡಿಸುವವನನ್ನು ಬಿಟ್ಟು, ಜೂಜುಕೋರರ ಬಗ್ಗೆ ಬರೆದವನನ್ನು ಹಿಡಿಯುವ ಪೊಲೀಸ್!

ಮೀಡಿಯಾವಿಕಿಯ ಸಿದ್ಧ ಫಿಲ್ಟರ್ ಆದ ಅಬ್ಯೂಸ್‌ಫಿಲ್ಟರ್ ಬಳಸುವವರು ನಮಗಿದು ತಾಗದು ಅಂದುಕೊಳ್ಳಬೇಡಿ. ಅದರಲ್ಲಿ ರೆಜೆಕ್ಸ್ ಹೋಲಿಸುವ ಆರ್‌ಲೈಕ್ ನಿಂತಿರುವುದೂ ಇದೇ ಎಂಜಿನ್ ಮೇಲೆ.

ಲ್ಯಾಪ್‌ಟಾಪ್‌ನಲ್ಲಿ ಒಂದು, ಸರ್ವರ್‌ನಲ್ಲಿ ಇನ್ನೊಂದು

ಕಾರಣ ಸಿಕ್ಕಿತು ಎಂದು ಖುಷಿಯಲ್ಲಿ ಮನೆಯ ಲ್ಯಾಪ್‌ಟಾಪ್‌ನಲ್ಲಿ ಪರೀಕ್ಷೆಗೆ ಕೂತೆ. ಮಹಾನಗರ ಪಾಲಿಕೆ ಬಜೆಟ್ ಬಗ್ಗೆ ಒಂದು ಪುಟವಿದೆ, ಅದರ ತುಂಬಾ ‘2023-24ನೇ ಸಾಲಿನಲ್ಲಿ’. ಸರ್ವರ್‌ನಲ್ಲಿ ಅದು ತಡೆಯಾಗುತ್ತಿತ್ತು. ಲ್ಯಾಪ್‌ಟಾಪ್‌ನಲ್ಲಿ ಆಗಲಿಲ್ಲ. ಆದರೆ ಸಾಲುಮರ ಎರಡೂ ಕಡೆ ತಡೆಯಾಯಿತು. ‘ರಮ್ಮಿ’ ಲ್ಯಾಪ್‌ಟಾಪ್‌ನಲ್ಲಿ ಸಿಕ್ಕಿತು, ಸರ್ವರ್‌ನಲ್ಲಿ ಸಿಗಲಿಲ್ಲ. ಒಂದೇ ಕೋಡ್, ಒಂದೇ ಪಟ್ಟಿ. ಇದಕ್ಕೆ ಒಂದು ಇಡೀ ರಾತ್ರಿ ಹೋಯಿತು. ಆಪ್‌ಕ್ಯಾಶ್ ಹಳೆ ಕೋಡನ್ನೇ ಓಡಿಸುತ್ತಿರಬಹುದು ಎಂದು ಪಿಎಚ್‌ಪಿಯನ್ನು ಮೂರು ಸಲ ರೀಸ್ಟಾರ್ಟ್ ಮಾಡಿದೆ. ಸುಮ್ನೆ.

ಎರಡೂ ಯಂತ್ರಗಳಲ್ಲಿ ಪಿಸಿಆರ್‌ಇ ಆವೃತ್ತಿ ಮುದ್ರಿಸಿದಾಗ ಗೊತ್ತಾಯಿತು. ಸರ್ವರ್‌ನಲ್ಲಿ 10.42, ಲ್ಯಾಪ್‌ಟಾಪ್‌ನಲ್ಲಿ 10.44. ನಡುವಿನ 10.43ರಲ್ಲಿ ಪದದ ಅರ್ಥವನ್ನೇ ಬದಲಿಸಿದ್ದಾರೆ. ಪರ್ಲ್ ಭಾಷೆಗೆ ಹೊಂದಲಿ ಎಂದು, ಎಂ ಜಾತಿಯ ಒಳಗಿನ ಎಂಎನ್ ಎಂಬ ಉಪಜಾತಿಯನ್ನೂ ಪದದ ಭಾಗವೆಂದು ಸೇರಿಸಿಕೊಂಡಿದ್ದಾರೆ. ಎಂಎನ್ ಅಂದರೆ ತನಗೆಂದು ಅಗಲ ಇಲ್ಲದೆ ಅಕ್ಷರದ ಮೇಲೋ ಕೆಳಗೋ ಕೂರುವ ಗುರುತು. ಪಕ್ಕದಲ್ಲಿ ಜಾಗ ತಿನ್ನುವ ಗುರುತು ಎಂಸಿ, ಅದನ್ನು ಸೇರಿಸಿಲ್ಲ.

ಕನ್ನಡಕ್ಕೆ ಇದು ಮಧ್ಯಕ್ಕೆ ಸೀಳಿದ ಹಾಗೆ. ಗುಡಿಸು, ಏತ್ವ, ಔತ್ವ, ಅರ್ಧಾಕ್ಷರದ ಚಿಹ್ನೆ ಇವು ಎಂಎನ್. ಇಳಿ, ಕೊಂಬು, ಕೊಂಬಿನ ದೀರ್ಘ, ಓತ್ವ, ಸೊನ್ನೆ ಇವು ಎಂಸಿ. ಸಾಲಿನಲ್ಲಿ ಇರುವುದು ಗುಡಿಸು, ಹಾಗಾಗಿ ಹೊಸ ಎಂಜಿನ್‌ನಲ್ಲಿ ಬಚಾವ್. ಸಾಲುಮರದಲ್ಲಿ ಇರುವುದು ಕೊಂಬು, ಯಾವ ಎಂಜಿನ್‌ನಲ್ಲೂ ಸಿಕ್ಕಿಬೀಳುತ್ತದೆ. ಸರ್ವರನ್ನು ಅಪ್‌ಗ್ರೇಡ್ ಮಾಡಿದ್ದರೆ ಅರ್ಧ ತೊಂದರೆ ಹೋಗಿ ಅರ್ಧ ಉಳಿದು, ಹುಡುಕುವುದು ಇನ್ನೂ ಕಷ್ಟವಾಗುತ್ತಿತ್ತು.

ಪರಿಹಾರ ಒಂದೇ. ಕನ್ನಡಕ್ಕೆ ಬ್ಯಾಕ್‌ಸ್ಲ್ಯಾಷ್ ಬಿ ಬಳಸಲೇಬೇಡಿ. ಗಡಿಯನ್ನು ನೀವೇ ಬರೆಯಿರಿ. ಪದದ ಎಡಕ್ಕೆ ಒಂದು ನೆಗೆಟಿವ್ ಲುಕ್‌ಬಿಹೈಂಡ್: ಹಿಂದೆ ಎಲ್, ಎಂ, ಎನ್ (ಅಂಕಿ) ಯಾವ ಜಾತಿಯದ್ದೂ ಇರಬಾರದು. ಬಲಕ್ಕೆ ಅದೇ ಥರ ಲುಕ್‌ಅಹೆಡ್. ಎಂ ಎಂದು ಹೇಳಿದರೆ ಎಂಎನ್, ಎಂಸಿ ಎರಡೂ ಬಂದವು, ಎಂಜಿನ್ ಯಾವ ಆವೃತ್ತಿಯದ್ದಾದರೂ ಚಿಂತೆಯಿಲ್ಲ. ಸಾಲುಮರ ಬಿಡುಗಡೆಯಾಯಿತು. ಜೂಜು ಸಿಕ್ಕಿಬಿತ್ತು. ಮೇಷ್ಟ್ರಿಗೆ ಮೆಸೇಜ್ ಹಾಕಿ ಮಲಗಿದೆ.

ವಿಭಕ್ತಿಯ ಪೆಟ್ಟು

ಬೆಳಿಗ್ಗೆ ನೋಡಿದರೆ ರಾತ್ರಿ ಹನ್ನೊಂದು ಸ್ಪ್ಯಾಮ್ ಬಂದಿವೆ. ‘ಸಾಲದ ಆಪ್’, ‘ಸಾಲಕ್ಕೆ ಕರೆ ಮಾಡಿ’, ‘ಸಾಲವನ್ನು ಪಡೆಯಿರಿ’. ಗಡಿ ಈಗ ಸರಿಯಾಗಿದೆ. ಸರಿಯಾಗಿರುವುದರಿಂದಲೇ ಪ್ರತ್ಯಯ ಅಂಟಿದ ಯಾವ ಪದವೂ ಸಿಗುತ್ತಿಲ್ಲ. ಹಳೆ ತಪ್ಪು ಇಷ್ಟು ದಿನ ‘ರಮ್ಮಿಗೆ’ ಥರದ ಕೆಲವನ್ನಾದರೂ ಅಕಸ್ಮಾತ್ತಾಗಿ ಹಿಡಿದುಕೊಡುತ್ತಿತ್ತು. ಸಾಲಿ, ಸಾಲು, ಸಾಲೆ ಎಂದು ತಪ್ಪಾಗಿ ಟೈಪ್ ಮಾಡಿದ್ದೂ ಅದರ ಬಲೆಗೆ ಬೀಳುತ್ತಿತ್ತು.

ಮೇಷ್ಟ್ರನ್ನೇ ಕೇಳಿದೆ. ನಕ್ಕರು. “ವ್ಯಾಕರಣ ಸುಮ್ನೆ ಪಾಠ ಮಾಡಿದ್ವಾ? ಸಾಲ ಅಕಾರಾಂತ, ಸಾಲು ಉಕಾರಾಂತ. ಸಾಲವನ್ನು, ಸಾಲದಿಂದ, ಸಾಲಕ್ಕೆ, ಸಾಲದಲ್ಲಿ. ಆ ಕಡೆ ಸಾಲನ್ನು, ಸಾಲಿನಿಂದ, ಸಾಲಿಗೆ, ಸಾಲಿನಲ್ಲಿ. ಎಲ್ಲಿ ಬೆರೆಯುತ್ತೆ ಹೇಳು?”

ಎಲ್ಲೂ ಬೆರೆಯುವುದಿಲ್ಲ. ಹಾಗಾಗಿ ಪಟ್ಟಿಯಲ್ಲಿ ಪ್ರತಿ ಪದದ ಮುಂದೆ ಅದು ಯಾವ ಗುಂಪಿನದು ಎಂದು ಒಂದು ಗುರುತು ಹಾಕಿದೆವು. ಅಕಾರಾಂತಕ್ಕೆ ಒಂದು ಪ್ರತ್ಯಯ ಪಟ್ಟಿ, ಉಕಾರಾಂತಕ್ಕೆ ಒಂದು, ಇಕಾರ ಎಕಾರಕ್ಕೆ ಒಂದು, ‘ಬೆಟ್ಟಿಂಗ್’ ಥರ ಅರ್ಧಾಕ್ಷರದಲ್ಲಿ ಮುಗಿಯುವ ಎರವಲು ಪದಗಳಿಗೆ ಒಂದು. ಪದ, ಬೇಕಿದ್ದರೆ ಒಂದು ಪ್ರತ್ಯಯ, ಆಮೇಲೆ ನಮ್ಮದೇ ಗಡಿ. ಪಟ್ಟಿಯನ್ನು ಕಡತದಿಂದ ತೆಗೆದು ವಿಕಿಯ ಒಂದು ಸಂರಕ್ಷಿತ ಪುಟಕ್ಕೆ ಹಾಕಿದೆ, ಮೇಷ್ಟ್ರೇ ತಿದ್ದಲಿ ಎಂದು. ಪ್ಲಗಿನ್ ಬರೆದಿದ್ದಕ್ಕೆ ಸಾರ್ಥಕ ಎನಿಸಿದ್ದು ಇದೊಂದೇ ವಿಷಯಕ್ಕೆ. ಉಳಿದಿದ್ದೆಲ್ಲಾ ಅಬ್ಯೂಸ್‌ಫಿಲ್ಟರ್‌ನಲ್ಲೇ ಆಗುತ್ತಿತ್ತು, ನನಗೆ ಬರೆಯುವ ಚಪಲ.

ಈ ಸಲ ಕಪ್ ನಮ್ದೇ

ಸ್ಪ್ಯಾಮ್‌ನವರು ಸುಮ್ಮನಿರಲಿಲ್ಲ. ‘ಸಾ.ಲ’, ‘ಜೂ-ಜು’ ಎಂದು ನಡುವೆ ಚುಕ್ಕಿ, ಗೆರೆ ತುರುಕತೊಡಗಿದರು. ಹೋಲಿಸುವ ಮೊದಲು ಪಠ್ಯವನ್ನು ತೊಳೆಯುವ ಒಂದು ಹೆಜ್ಜೆ ಸೇರಿಸಿದೆ: ಅಕ್ಷರ, ಅಂಕಿ, ಖಾಲಿ ಜಾಗ ಬಿಟ್ಟು ಉಳಿದಿದ್ದನ್ನೆಲ್ಲಾ ಕಿತ್ತುಹಾಕು. ಈ ಸಾಲು ಇಂಟರ್‌ನೆಟ್‌ನಲ್ಲಿ ಎಲ್ಲಿ ಬೇಕಾದರೂ ಸಿಗುತ್ತದೆ, ನಾನೂ ಅಲ್ಲಿಂದಲೇ ಎತ್ತಿಕೊಂಡಿದ್ದೆ.

ಎರಡು ದಿನ ಬಿಟ್ಟು, ಪ್ರಯೋಗ ಪುಟದಲ್ಲಿ ಒಬ್ಬ ಕಾಲೇಜು ಹುಡುಗ ‘ಈ ಸಲ ಕಪ್ ನಮ್ದೇ’ ಎಂದು ಬರೆದಿದ್ದಕ್ಕೆ ತಡೆ ಬಿತ್ತು. ನಿಮಗೆ ಈಗಾಗಲೇ ಹೊಳೆದಿರಬಹುದು. ನನಗೆ ಹೊಳೆಯಲಿಲ್ಲ, ಆದ ಪಾಠ ಇನ್ನೂ ಬಿಸಿಯಾಗಿದ್ದರೂ! ‘ಅಕ್ಷರ’ ಎಂದರೆ ಎಲ್ ಜಾತಿ ಮಾತ್ರ. ಎಂ ಜಾತಿ ಕಸ ಎಂದು ತೊಳೆದು ಹೋಯಿತು. ಪಟ್ಟಿಯ ‘ಸಾಲ’ ತೊಳೆದ ಮೇಲೆ ‘ಸಲ’. ಸಾಲು, ಸೋಲು, ಸೇಲು, ಎಲ್ಲಾ ‘ಸಲ’. ‘ಈ ಸಲ’ ಅಂತೂ ತೊಳೆಯದೆಯೇ ‘ಸಲ’. ತೊಳೆಯುವ ನಿಯಮದಲ್ಲಿ ಎಂ ಜಾತಿಯನ್ನೂ ಉಳಿಸು ಎಂದು ಸೇರಿಸಿದ ಮೇಲೆ ಸರಿಹೋಯಿತು.

ಆಮೇಲೆ ಒಂದು ಸಣ್ಣ ತೊಡಕು ಉಳಿಯಿತು. ಪೂರ್ಣವಿರಾಮದ ಮುಂದೆ ಜಾಗ ಬಿಡದೆ ‘ಇದೆ.ಸಾಲ’ ಎಂದು ಬರೆದರೆ ತೊಳೆದ ಪ್ರತಿಯಲ್ಲಿ ಎರಡು ಪದ ಅಂಟಿಕೊಳ್ಳುತ್ತವೆ. ಹಾಗಾಗಿ ಮೂಲ ಪಠ್ಯದ ಮೇಲೊಮ್ಮೆ, ತೊಳೆದದ್ದರ ಮೇಲೊಮ್ಮೆ ಓಡಿಸುತ್ತೇವೆ.

ಕಣ್ಣಿಗೆ ಒಂದೇ, ಒಳಗೆ ಬೇರೆ

ಪಟ್ಟಿಯಲ್ಲಿ ಪದ ಇದೆ, ಪುಟದಲ್ಲೂ ಅದೇ ಪದ ಇದೆ, ಆದರೂ ಸಿಗುತ್ತಿಲ್ಲ. ಆಗ ಎರಡನ್ನೂ ಕೋಡ್‌ಪಾಯಿಂಟ್‌ಗಳಾಗಿ ಬಿಡಿಸಿ ಪಕ್ಕ ಪಕ್ಕ ಇಡಿ. ನಮಗೆ ಮೂರು ಕಾರಣ ಸಿಕ್ಕವು.

ಮೊದಲನೆಯದು ಸೊನ್ನೆ. ‘ಬೆಟ್ಟಿಂಗ್’ನ ಸೊನ್ನೆ ಅನುಸ್ವಾರ, ಕೋಡ್ 0ಸಿ82. ಕೆಲವರು ಅದರ ಬದಲು ಕನ್ನಡ ಅಂಕಿಯ ೦ ಒತ್ತುತ್ತಾರೆ, ಕೋಡ್ 0ಸಿಇ6. ‘ಬೆಟ್ಟಿ೦ಗ್’. ಸ್ಪ್ಯಾಮ್‌ನವರ ಕುತಂತ್ರ ಅಂದುಕೊಂಡಿದ್ದೆ. ನಮ್ಮ ಹಳೆ ಪುಟಗಳಲ್ಲಿ ಹುಡುಕಿದರೆ ನಮ್ಮವರೇ ‘ಬೆ೦ಗಳೂರು’ ಎಂದು ಬರೆದಿದ್ದು ಸಾಲುಸಾಲು. ಹೋಲಿಕೆಯ ಪ್ರತಿಯಲ್ಲಿ, ೦ ಹಿಂದೆ ಕನ್ನಡದ ಅಕ್ಷರವೋ ಗುರುತೋ ಇದ್ದರೆ ಅದನ್ನು ಅನುಸ್ವಾರ ಮಾಡಿ. ಹಿಂದೆ ಅಂಕಿ ಇದ್ದರೆ ಮುಟ್ಟಬೇಡಿ, ೨೦೦೩ ಕೆಟ್ಟುಹೋಗುತ್ತದೆ.

ಎರಡನೆಯದು ಕಾಣದ ಜಾಯಿನರ್‌ಗಳು, 200ಸಿ ಮತ್ತು 200ಡಿ. ‘ಆನ್‌ಲೈನ್’ನಲ್ಲಿ ನ ಕೆಳಗೆ ಲ ಒತ್ತಾಗದಿರಲು ನಾವು 200ಸಿ ಹಾಕುತ್ತೇವೆ. ಅದಿಲ್ಲದೆ ‘ಆನ್ಲೈನ್’ ಎಂದು ಬರೆದರೆ ಬೇರೆ ಪದ. ಹೋಲಿಕೆಯ ಪ್ರತಿಯಲ್ಲಿ ಎರಡನ್ನೂ ತೆಗೆಯಿರಿ, ಪಟ್ಟಿಯಿಂದಲೂ ತೆಗೆಯಿರಿ. ಆದರೆ ಸೇವ್ ಆಗುವ ಪಠ್ಯಕ್ಕೆ ಮಾತ್ರ ಕೈ ಹಾಕಬೇಡಿ. ರಾಜ್‌ಕುಮಾರ್ ಅವರನ್ನು ರಾಜ್ಕುಮಾರ್ ಮಾಡಿದರೆ ಬೆಂಗಳೂರಿನಲ್ಲಿ ಓಡಾಡುವ ಹಾಗಿಲ್ಲ.

ಮೂರನೆಯದು ದೀರ್ಘ. ‘ೀ’ಯನ್ನು ಒಂದೇ ಚಿಹ್ನೆಯಾಗಿಯೂ ಬರೆಯಬಹುದು, ಗುಡಿಸು ಮತ್ತು ಬಿಡಿ ದೀರ್ಘ ಎಂದು ಎರಡಾಗಿಯೂ ಬರೆಯಬಹುದು. ಬಳಕೆದಾರರು ಕಳಿಸಿದ ಪಠ್ಯವನ್ನು ಮೀಡಿಯಾವಿಕಿ ತಾನೇ ಎನ್‌ಎಫ್‌ಸಿ ರೂಪಕ್ಕೆ ತರುತ್ತದೆ, ಅಂದರೆ ಒಂದೇ ಚಿಹ್ನೆ ಮಾಡುತ್ತದೆ. ನಮ್ಮ ಪಟ್ಟಿ ಡಿಸ್ಕ್‌ನಲ್ಲಿದ್ದ ಕಡತವಾಗಿತ್ತು, ಹಳೆ ಆಸ್ಕಿ ಫಾಂಟಿನಿಂದ ಬದಲಿಸಿದ್ದು. ಅದನ್ನು ಯಾರೂ ಸರಿಮಾಡಿರಲಿಲ್ಲ. ಪಟ್ಟಿ ವಿಕಿ ಪುಟಕ್ಕೆ ಬಂದ ದಿನ ಈ ದೋಷ ತಾನಾಗಿಯೇ ಹೋಯಿತು.

ಬೇರೆಯವರ ಪಾಪ

ರೆಜೆಕ್ಸ್‌ಗೆ ಸಂಬಂಧವಿಲ್ಲದ ಒಂದು ದೂರು: ಒಂದು ಪುಟವನ್ನು ಯಾರೂ ತಿದ್ದಲಾಗುತ್ತಿಲ್ಲ, ಒಂದು ಅಲ್ಪವಿರಾಮ ಸೇರಿಸಿದರೂ ತಡೆ. ನಾನು ಹಿಡಿದಿದ್ದ ಹುಕ್ (ಸೇವ್ ಆಗುವ ಮುನ್ನ ಮೀಡಿಯಾವಿಕಿ ನಮ್ಮ ಕೋಡನ್ನು ಕರೆಯುವ ಜಾಗ) ಎಡಿಟ್‌ಫಿಲ್ಟರ್‌ಮರ್ಜ್ಡ್‌ಕಂಟೆಂಟ್. ಒಂದು ವಿಭಾಗ ತಿದ್ದಿದರೂ ಅದು ಇಡೀ ಪುಟದ ಹೊಸ ರೂಪವನ್ನು ಕೊಡುತ್ತದೆ. ಫಿಲ್ಟರ್ ಬರುವ ಮೊದಲೇ ಆ ಪುಟದಲ್ಲಿ ರೈತರ ಸಾಲದ ಬಗ್ಗೆ ಒಂದು ಸಾಲಿತ್ತು. ಈಗ ಹಳೆ ಆವೃತ್ತಿಯಲ್ಲಿ ಪದ ಎಷ್ಟು ಸಲ ಇತ್ತು, ಹೊಸದರಲ್ಲಿ ಎಷ್ಟಿದೆ ಎಂದು ಎಣಿಸಿ, ಜಾಸ್ತಿಯಾಗಿದ್ದರೆ ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುತ್ತೇವೆ. ಅಂದಹಾಗೆ ಪುಟದ ಹೆಸರು ಬದಲಿಸುವಾಗ ಈ ಹುಕ್ ಓಡುವುದಿಲ್ಲ, ಅದಕ್ಕೆ ಬೇರೆ ಹುಕ್ ಹಿಡಿಯಬೇಕು.

ಇಷ್ಟೆಲ್ಲಾ ಆದ ಮೇಲೂ ಒಂದು ದಿನ ‘ನೀರು ಸಾಲದ ಬಡಾವಣೆಗಳು’ ಎಂಬ ವಾಕ್ಯ ಸಿಕ್ಕಿಬಿತ್ತು. ಬೇಸಿಗೆಯಲ್ಲಿ ಬೆಂಗಳೂರಿನ ಬಗ್ಗೆ ಬರೆಯುವವರು ಈ ಮಾತು ಬರೆಯದೆ ಇರುತ್ತಾರಾ? ಸಾಕಾಗದ ಎಂಬ ಸಾಲದ, ಕಡದ ಸಾಲದ, ಎರಡಕ್ಕೂ ಕೋಡ್‌ಪಾಯಿಂಟ್ ಒಂದೇ, ಪ್ರತ್ಯಯವೂ ಒಂದೇ ಥರ ಕಾಣುತ್ತದೆ. ಯಾವ ರೆಜೆಕ್ಸ್‌ಗೂ ಇದು ಬಗ್ಗುವುದಿಲ್ಲ. ಅಲ್ಲಿಗೆ ಪದ ನೋಡಿ ತಡೆಯುವುದನ್ನೇ ಕೈಬಿಟ್ಟೆ. ಈಗ ಪದಕ್ಕೆ ಒಂದು ಅಂಕ, ಹೊಸದಾಗಿ ಸೇರಿದ ಹೊರಗಿನ ಲಿಂಕಿಗೆ ಎರಡು, ಇದೇ ಮೊದಲ ಬದಲಾವಣೆ ಮಾಡುತ್ತಿರುವ ಖಾತೆಗೆ ಒಂದು. ನಾಲ್ಕಾದರೆ ತಡೆ, ಮೂರಾದರೆ ಟ್ಯಾಗ್ ಹಾಕಿ ಬಿಡುವುದು. ಹೊಸ ಪದ ಸೇರಿಸಿದರೆ ಮೊದಲ ವಾರ ಲಾಗ್ ಮಾತ್ರ, ತಡೆ ಇಲ್ಲ.

ಪರೀಕ್ಷೆಗೆಂದು ಒಂದು ಕಡತ ಇಟ್ಟಿದ್ದೇವೆ, ಕೋಡ್ ಬದಲಾದಾಗಲೆಲ್ಲಾ ಎರಡೂ ಪಿಸಿಆರ್‌ಇ ಆವೃತ್ತಿಗಳಲ್ಲಿ ಅದನ್ನು ಓಡಿಸುತ್ತೇನೆ. ಅದರ ಮೊದಲ ವಾಕ್ಯ ಮೇಷ್ಟ್ರು ಬರೆದುಕೊಟ್ಟಿದ್ದು: ‘ಈ ಸಲ ಮಳೆ ಸಾಲದೆ, ನೀರು ಸಾಲದ ಬೀದಿಯ ಸಾಲುಮರಗಳು ಒಂದೇ ಸಾಲಿನಲ್ಲಿ ಒಣಗಿವೆ.’ ಅದಕ್ಕೆ ಬರಬೇಕಾದ ತಡೆ ಸೊನ್ನೆ. ಅಂಕಿಯ ಸೊನ್ನೆ.